ಬೆಕ್ಕು ನಮ್ಮ ಮೈಮೇಲೆ ಹಿಟ್ಟು ನಾದಿದಂತೆ ಒತ್ತುವುದೇಕೆ?

ನಿಮ್ಮ ಬೆಕ್ಕು ರಾತ್ರಿ ನಿಮ್ಮ ಹೊಟ್ಟೆಯ ಮೇಲೇರಿ ಮುಂಗಾಲುಗಳಿಂದ ನಾದುತ್ತದೆ ಎಂದೂ, ತೀರ ಎಳೆಯದಿದ್ದಾಗಲೇ ಅದನ್ನು ತಾಯಿಯಿಂದ ಬೇರೆ ಮಾಡಿ ತಂದದ್ದು ಇದಕ್ಕೆ ಕಾರಣವೇ ಎಂದೂ ಕೇಳಿದ್ದೀರಿ. ಆ ಕೊರಗನ್ನು ದಯವಿಟ್ಟು ಬಿಟ್ಟುಬಿಡಿ. ತಾಯಿಯ ಜೊತೆಯಲ್ಲೇ ಬೆಳೆದು ದೊಡ್ಡವಾದ ಬೆಕ್ಕುಗಳೂ ಹೀಗೆಯೇ ನಾದುತ್ತವೆ.

ಇದರ ಮೂಲವನ್ನು ನಾನು ಕಣ್ಣಾರೆ ಕಂಡದ್ದು ಬಸವನಗುಡಿಯ ನಮ್ಮ ಮನೆಯಲ್ಲಿ. ಬೀದಿಯ ಬೆಕ್ಕೊಂದು ಮಹಡಿ ಮೆಟ್ಟಿಲಿನ ಕೆಳಗೆ, ಹಳೆಯ ಪತ್ರಿಕೆಗಳ ಕಟ್ಟಿನ ಹಿಂದೆ ನಾಲ್ಕು ಮರಿ ಹಾಕಿತ್ತು. ಇನ್ನೂ ಕಣ್ಣು ಬಿಡದ ಆ ಮರಿಗಳು ಹಾಲು ಕುಡಿಯುವಾಗ ಮೊಲೆಯ ಎರಡೂ ಬದಿಗೆ ಪಂಜ ಊರಿ, ಒಮ್ಮೆ ಎಡ ಒಮ್ಮೆ ಬಲ ಎಂದು ಒಂದೇ ಲಯದಲ್ಲಿ ಒತ್ತುತ್ತಿದ್ದವು. ಪಂಜ ಚಾಚಿದಾಗ ಅಗಲವಾಗಿ ಬಿಚ್ಚಿಕೊಂಡ ಪುಟ್ಟ ಬೆರಳುಗಳು ಒತ್ತಿದೊಡನೆ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಕರು ಕೆಚ್ಚಲಿಗೆ ಗುದ್ದುವುದನ್ನು ನೋಡಿದವರಿಗೆ ಇದರ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಲೆ ಚೀಪುವ, ಒತ್ತುವ ಸ್ಪರ್ಶದಿಂದ ತಾಯಿಯ ರಕ್ತಕ್ಕೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಸೇರುತ್ತದೆ. ಅದು ಹಾಲಿನ ಗ್ರಂಥಿಗಳನ್ನು ಸುತ್ತುವರಿದ ಸ್ನಾಯುಕೋಶಗಳನ್ನು ಬಿಗಿಗೊಳಿಸಿ ಹಾಲನ್ನು ತೊಟ್ಟಿಗೆ ಇಳಿಸುತ್ತದೆ.

ಹಾಲು ಬಿಟ್ಟ ಮೇಲೂ ಈ ಅಭ್ಯಾಸ ಉಳಿಯುತ್ತದೆ. ಸಾಕುಬೆಕ್ಕು ಮರಿತನದ ಕೆಲವು ನಡವಳಿಕೆಗಳನ್ನು ಬದುಕಿನುದ್ದಕ್ಕೂ ಇಟ್ಟುಕೊಳ್ಳುವ ಪ್ರಾಣಿ. ಬೆಚ್ಚಗೆ, ಮೆತ್ತಗೆ ಏನಾದರೂ ಕಾಲಿಗೆ ತಗುಲಿ, ಮನಸ್ಸೂ ನೆಮ್ಮದಿಯಾಗಿದ್ದರೆ ಪಂಜಗಳು ತಾವಾಗಿ ಚಲಿಸತೊಡಗುತ್ತವೆ. ಆ ನಾಲ್ಕರಲ್ಲಿ ನಮ್ಮಲ್ಲೇ ಉಳಿದ ಒಂದು, ಅಮ್ಮನ ಹಳೆಯ ನೂಲಿನ ಸೀರೆಗಳಿಂದ ಹೊಲಿದ ಕೌದಿಯನ್ನು ಕಂಡರೆ ಸಾಕು, ಕಣ್ಣು ಅರೆಮುಚ್ಚಿ ಗುರುಗುಟ್ಟುತ್ತಾ ನಾದಲು ಆರಂಭಿಸುತ್ತದೆ. ಒಮ್ಮೊಮ್ಮೆ ಕೌದಿಯ ಅಂಚನ್ನು ಚೀಪುವುದೂ ಉಂಟು. ಬರಿಯ ನೆಲದ ಮೇಲೆ ಅದು ನಾದಿದ್ದನ್ನು ನಾನು ನೋಡಿಲ್ಲ.

ಪಂಜಗಳಲ್ಲಿ ವಾಸನೆಯ ಗ್ರಂಥಿಗಳೂ ಇರುವುದರಿಂದ, ನಾದಿದ ಜಾಗದಲ್ಲಿ ಬೆಕ್ಕಿನ ಸ್ವಂತ ವಾಸನೆ ಉಳಿಯುತ್ತದೆ. ಕಾಡಿನ ಪೂರ್ವಜರು ಹುಲ್ಲು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದುದರ ಉಳಿಕೆ ಇದು ಎಂಬ ಊಹೆಯೂ ಇದೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಾಗಿಲ್ಲ, ಏಕೆಂದರೆ ನಮ್ಮ ಬೆಕ್ಕು ಎಷ್ಟೋ ಸಲ ಹತ್ತು ನಿಮಿಷ ನಾದಿ, ಅಲ್ಲಿ ಮಲಗದೆ ಎದ್ದು ಹೋಗುತ್ತದೆ.

ಉಗುರು ಚುಚ್ಚಿದರೆ ಗದರಬೇಡಿ, ತಳ್ಳಲೂಬೇಡಿ. ಬೆರಳನ್ನು ಬಗ್ಗಿಸುವ ಸ್ನಾಯುವೇ ಉಗುರನ್ನೂ ಹೊರಗೆ ತರುವುದರಿಂದ ಅದು ಬೇಕೆಂದು ಪರಚುತ್ತಿರುವುದಲ್ಲ. ಹೊಟ್ಟೆಯ ಮೇಲೆ ದಪ್ಪನೆಯ ಟವೆಲನ್ನು ಮಡಿಸಿ ಹಾಕಿಕೊಳ್ಳಿ. ಉಗುರಿನ ಬಿಳಿಯ ತುದಿಯನ್ನಷ್ಟೇ ಕತ್ತರಿಸಿ, ರಕ್ತನಾಳವಿರುವ ಗುಲಾಬಿ ಭಾಗವನ್ನು ಮುಟ್ಟಬೇಡಿ. ಉಗುರನ್ನೇ ತೆಗೆಸಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಒಪ್ಪಬೇಡಿ, ಅದು ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ.

ನಿಮ್ಮದು ಹೆಣ್ಣು ಬೆಕ್ಕಾಗಿದ್ದು, ಹಿಂಭಾಗವನ್ನು ಎತ್ತಿ ಹಿಂಗಾಲುಗಳಿಂದ ತುಳಿಯುತ್ತಾ ಜೋರಾಗಿ ಕೂಗುತ್ತಿದ್ದರೆ ಮಾತ್ರ ವಿಷಯ ಬೇರೆ, ಅದು ಬೆದೆಯ ಲಕ್ಷಣ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಹತ್ತಿರದ ಪಶುವೈದ್ಯರಲ್ಲಿ, ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.