ಹಚ್ಚೆ ಕಲಿಯಲು ಒಂದು ತಿಂಗಳ ಕೋರ್ಸ್ ಸಾಕೇ?

ಚಿತ್ರ ಬಿಡಿಸಲು ಚೆನ್ನಾಗಿ ಬರುತ್ತದೆ, ಬೆಂಗಳೂರಿನಲ್ಲಿ ಒಂದು ತಿಂಗಳ ಟ್ಯಾಟೂ ಕೋರ್ಸ್ ಸೇರಲೇ ಅಥವಾ ಅನುಭವಿ ಕಲಾವಿದರೊಬ್ಬರ ಕೈಕೆಳಗೆ ಕಲಿಯಲೇ ಎಂದು ಕೇಳಿದ್ದೀರಿ. ಈ ವೃತ್ತಿಯಲ್ಲಿರುವ ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಸರಿ. ಕೋರ್ಸ್ ಸೇರಿದರೂ, ಅದು ಮುಗಿದ ಬಳಿಕ ವರ್ಷದ ಮಟ್ಟಿಗಾದರೂ ಒಂದು ಸ್ಟುಡಿಯೊದಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡೇ ಸೇರಿ.

ಮೆಷಿನ್ ಜೋಡಿಸುವುದು, ಸ್ಟೆನ್ಸಿಲ್ (ಚರ್ಮದ ಮೇಲೆ ಮೂಡಿಸುವ ಚಿತ್ರದ ಅಚ್ಚು) ಕೂರಿಸುವುದು, ಗೆರೆಗೆ ಯಾವ ಸೂಜಿ, ಶೇಡಿಂಗ್‌ಗೆ ಯಾವುದು ಎಂಬುದನ್ನೆಲ್ಲ ಒಂದು ತಿಂಗಳಲ್ಲಿ ಹೇಳಿಕೊಡಬಹುದು. ಕಷ್ಟವಿರುವುದು ಆಳದಲ್ಲಿ. ಶಾಯಿ ನಿಲ್ಲಬೇಕಾದದ್ದು ಹೊರಚರ್ಮದ ಕೆಳಗಿನ ಪದರದಲ್ಲಿ, ಸುಮಾರು 1ರಿಂದ 2 ಮಿಲಿಮೀಟರ್ ಒಳಗೆ. ಮೇಲೆಯೇ ಉಳಿದರೆ ಗಾಯ ಮಾಯುವಾಗ ಹಕ್ಕಳೆಯೊಂದಿಗೆ ಉದುರಿಹೋಗುತ್ತದೆ, ಹೆಚ್ಚು ಕೆಳಗಿಳಿದರೆ ಗೆರೆಯ ಸುತ್ತ ನೀಲಿಯಾಗಿ ಹರಡುತ್ತದೆ. ಮಣಿಕಟ್ಟಿನ ಒಳಬದಿಯ ಚರ್ಮ ತೆಳುವಾಗಿದ್ದು ಬೆನ್ನಿನದು ದಪ್ಪವಾಗಿರುವುದರಿಂದ ಒಂದೇ ಒತ್ತಡ ಎಲ್ಲೆಡೆ ನಡೆಯುವುದಿಲ್ಲ. ಮೆಷಿನ್ ಹಿಡಿದ ಕೈಗಿಂತ, ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವ ಇನ್ನೊಂದು ಕೈ ಪಳಗುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ಅಭ್ಯಾಸಕ್ಕೆ ಸಿಗುವ ಕೃತಕ ಚರ್ಮ ನೋವಿನಿಂದ ಅಲುಗುವುದಿಲ್ಲ, ಊದಿಕೊಳ್ಳುವುದಿಲ್ಲ, ಮಾಯುವುದೂ ಇಲ್ಲ. ಆದ್ದರಿಂದ ಗೆರೆ ಎಳೆಯುತ್ತಿರುವಾಗಲೇ ಪಕ್ಕದಲ್ಲಿ ನಿಂತು ತಿದ್ದುವವರೊಬ್ಬರು ಬೇಕಾಗುತ್ತದೆ.

ಗುರುವನ್ನು ಆರಿಸುವಾಗ ಇನ್‌ಸ್ಟಾಗ್ರಾಮ್‌ನ ಹೊಳೆಯುವ ಫೋಟೊಗಳನ್ನು ನಂಬಬೇಡಿ. ಅವು ಬಹುತೇಕ ಕೆಲಸ ಮುಗಿದ ಗಳಿಗೆಯಲ್ಲೇ ತೆಗೆದವು. ಮಾಯ್ದ ಹಚ್ಚೆಗಳನ್ನು, ಸಾಧ್ಯವಾದರೆ ಒಂದೆರಡು ವರ್ಷ ಹಳೆಯವನ್ನು, ತೋರಿಸಲು ಕೇಳಿ. ಅದರಲ್ಲೂ ನಮ್ಮಂಥ ಕಂದು ಮತ್ತು ಕಪ್ಪು ಮೈಬಣ್ಣದವರ ಮೇಲೆ ಮಾಡಿದ ಕೆಲಸ ನೋಡಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಶಾಯಿಗಿಂತ ಮೇಲಿನ ಪದರದಲ್ಲಿರುವುದರಿಂದ ಹಳದಿ, ತಿಳಿಗುಲಾಬಿಯಂಥ ಬಣ್ಣಗಳು ಮಂಕಾಗಿ ಕಾಣುತ್ತವೆ. ಬಿಳಿ ಚರ್ಮದವರ ಮೇಲೆ ಕೆಲಸ ಮಾಡುವವರ ವಿಡಿಯೊ ನೋಡಿ ಬಣ್ಣ ಆರಿಸಿಕೊಂಡು, ಆಮೇಲೆ ಶಾಯಿಯ ಕಂಪನಿಯನ್ನು ಬೈಯುವವರು ನಮ್ಮಲ್ಲಿ ಕಡಿಮೆಯಿಲ್ಲ.

ಶುಚಿತ್ವದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಪ್ರತಿ ಗಿರಾಕಿಗೂ ಹೊಸ ಸೂಜಿ, ಹೊಸ ಕೈಗವಸು, ಪುಟ್ಟ ಬಟ್ಟಲಿಗೆ ಬೇರೆಯಾಗಿ ಸುರಿದ ಶಾಯಿ ಇರಬೇಕು. ಮರುಬಳಕೆಯ ಲೋಹದ ಭಾಗಗಳಿದ್ದರೆ ಅವು ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಯಂತ್ರವಾದ ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನ ಹಬೆಯಲ್ಲಿ ಸಂಸ್ಕರಿಸಿದವಾಗಿರಬೇಕು. ಜಾತ್ರೆಗಳಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ ಹಾಕುವುದನ್ನು ನೋಡಿದವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಡೆಯಲು ನೀವೂ ಲಸಿಕೆ ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಮೂರು ಡೋಸ್‌ಗಳನ್ನು ಕೊಡುತ್ತಾರೆ, ಆದ್ದರಿಂದ ಕಲಿಕೆ ಆರಂಭಿಸುವ ಮುನ್ನವೇ ಶುರುಮಾಡುವುದು ಲೇಸು.

ಮೊದಲ ಕೆಲವು ತಿಂಗಳು ಮೇಜು ಒರೆಸುವುದು, ಸ್ಟೆನ್ಸಿಲ್ ತಯಾರಿಸುವುದು, ನೋಡುತ್ತ ಕೂರುವುದೇ ಕೆಲಸವಾದರೆ ಬೇಸರಪಡಬೇಡಿ. ಆದರೆ ಮೆಷಿನ್ ಯಾವಾಗ ಕೈಗೆ ಕೊಡುತ್ತಾರೆ, ಶುಲ್ಕ ಎಷ್ಟು, ನೀವು ಮಾಡಿದ ಕೆಲಸದ ಹಣದಲ್ಲಿ ನಿಮ್ಮ ಪಾಲೆಷ್ಟು ಎಂಬುದನ್ನು ಸೇರುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಾದರೆ ಬೇರೆ ಸ್ಟುಡಿಯೊ ನೋಡಿ.