ತೂಕ ಹೆಚ್ಚಿರುವ ರೋಗಿಗಳನ್ನು ಎಂಆರ್‌ಐ ರೂಮಿಗೆ ಕರೆದೊಯ್ಯಲು ಎಂಥ ವೀಲ್‌ಚೇರ್ ತಗೋಬೇಕು?

ಚಿಕ್ಕಬಳ್ಳಾಪುರದಲ್ಲಿ ಹೊಸದಾಗಿ ಎಂಆರ್‌ಐ ಸೆಂಟರ್ ಶುರು ಮಾಡ್ತಿದ್ದೀವಿ, 120–130 ಕೆಜಿ ತೂಗುವವರೂ ಬರ್ತಾರೆ, ಅಂಗಡಿಯವರು ಅಲ್ಯೂಮಿನಿಯಂ ವೀಲ್‌ಚೇರ್ ತೋರಿಸಿ ‘ಇದು ಮ್ಯಾಗ್ನೆಟ್‌ಗೆ ಅಂಟಲ್ಲ ಸಾರ್’ ಅಂತಿದ್ದಾರೆ, ತಗೋಬಹುದಾ ಅಂತ ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಬರೀ ಅಂಗಡಿಯವರ ಮಾತು ನಂಬಿ ತಗೋಬೇಡಿ. ಇನ್ನೊಂದು, ಅಂಟುತ್ತೋ ಇಲ್ವೋ ಅನ್ನೋದಕ್ಕೂ ಮೊದಲು ಸೀಟಿನ ಅಗಲ ಎಷ್ಟು ಅಂತ ಕೇಳಿ.

ಅಗಲಕ್ಕೆ ಯಾಕಿಷ್ಟು ಒತ್ತು ಅಂದ್ರೆ, ನಮ್ಮ ಕಡೆ ಬಹಳಷ್ಟು ಸೆಂಟರ್‌ಗಳಲ್ಲಿ ಎಂಆರ್‌ಐ ರೂಮಿಗೆ ಅಂತ ಒಂದೇ ಕುರ್ಚಿ ಇರುತ್ತೆ, 18 ಇಂಚಿನ ಸೀಟು. ಪಾವಗಡದಿಂದಲೋ ಶಿರಾದಿಂದಲೋ ಆಂಬ್ಯುಲೆನ್ಸ್‌ನಲ್ಲಿ ಬಂದ ಭಾರೀ ಮೈಕಟ್ಟಿನವರು ಅದರಲ್ಲಿ ಕೂರೋಕೇ ಆಗಲ್ಲ, ತೊಡೆ ಎರಡೂ ಕಡೆ ಒತ್ತುತ್ತೆ. ಅವರು ಬಂದಿರೋದು ವಾರ್ಡಿನ ಕಬ್ಬಿಣದ ಕುರ್ಚಿಯಲ್ಲಿ. ಹೊರಗೆ ಇನ್ನೂ ನಾಲ್ಕು ಜನ ಕಾಯ್ತಿರ್ತಾರೆ, ಡಾಕ್ಟರ್ ರಿಪೋರ್ಟ್‌ಗೆ ಫೋನ್ ಮಾಡ್ತಿರ್ತಾರೆ. ಆಗ ಯಾರೋ ಒಬ್ಬರು ‘ಇದ್ರಲ್ಲೇ ಬಾಗಿಲವರೆಗೂ ತಳ್ಬಿಡೋಣ, ಎರಡು ಹೆಜ್ಜೆ ತಾನೆ’ ಅಂತಾರೆ. ಕಬ್ಬಿಣವನ್ನ ರಭಸದಿಂದ ಎಳೆದುಕೊಳ್ಳೋ ಮ್ಯಾಗ್ನೆಟ್ ಇರೋ ರೂಮಿಗೆ ಕಬ್ಬಿಣ ಹೋಗೋದು ಹೀಗೆ. ಬೇಕು ಅಂತ ಯಾರೂ ತರಲ್ಲ. ರೋಗಿಗೆ ಸಾಲದ ಸೇಫ್ ಕುರ್ಚಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾಗಿ 24 ಇಂಚಿಗೆ ಕಮ್ಮಿ ಇಲ್ಲದ ಸೀಟು ನೋಡಿ. ತೂಕದ ಮಿತಿ 200 ಕೆಜಿ ದಾಟಿರಲಿ. ವಾರ್ಡಿನಲ್ಲಿ ನೋಡೋ ಮಡಚುವ ಕುರ್ಚಿಗಳು ಸಾಮಾನ್ಯವಾಗಿ 100 ಕೆಜಿ ಆಸುಪಾಸಿಗೆ ಮಾಡಿದವು. 130 ಕೆಜಿಯವರು ದೊಪ್ಪನೆ ಕೂತಾಗ ಬೀಳೋ ಭಾರ ಬರೀ 130 ಆಗಿರಲ್ಲ ಅನ್ನೋದು ನೆನಪಿರಲಿ. ಕೈ ಇಡೋ ಭಾಗ ಕಳಚೋ ಹಾಗಿರಬೇಕು, ಪಕ್ಕದಿಂದ ಜಾರಿಸೋದಕ್ಕೆ ಅದೇ ದಾರಿ. ಸೀಟಿನ ಎತ್ತರ ನಿಮ್ಮ ಮಷೀನಿನ ಟೇಬಲ್ (ರೋಗಿ ಮಲಗೋ ಹಲಗೆ) ಪೂರ್ತಿ ಕೆಳಗಿಳಿದಾಗಿನ ಎತ್ತರಕ್ಕೆ ಹತ್ತಿರ ಇರಲಿ. ದುಡ್ಡು ಕೊಡೋ ಮುಂಚೆ ಟೇಪ್ ಹಿಡಿದು ನಿಮ್ಮ ಬಾಗಿಲುಗಳನ್ನೂ ಅಳೆಯಿರಿ. 24 ಇಂಚಿನ ಸೀಟು ಅಂದ್ರೆ ಚಕ್ರ ಸೇರಿ ಹೊರಗಿನ ಅಗಲ 32 ಇಂಚಿನ ಹತ್ತಿರ ಹೋಗುತ್ತೆ. ಎಂಆರ್‌ಐ ರೂಮಿನ ಬಾಗಿಲು ಅಗಲವಾಗೇ ಇರುತ್ತೆ, ಅದರ ಚಿಂತೆ ಇಲ್ಲ. ಸಿಕ್ಕಿಹಾಕಿಕೊಳ್ಳೋದು ಬಟ್ಟೆ ಬದಲಿಸೋ ಕೋಣೆಯಲ್ಲಿ, ಎರಡೂವರೆ ಅಡಿ ಬಾಗಿಲಿನ ಟಾಯ್ಲೆಟ್‌ನಲ್ಲಿ.

ಇನ್ನು ಅಂಟೋ ವಿಷಯ. ಅಲ್ಯೂಮಿನಿಯಂ ಅಂಟಲ್ಲ, ಅದು ನಿಜ. ಆದ್ರೆ ಕುರ್ಚಿ ಪೂರ್ತಿ ಅಲ್ಯೂಮಿನಿಯಂ ಅಲ್ವಲ್ಲ. ಮುಂದಿನ ಸಣ್ಣ ಚಕ್ರದ ಬೇರಿಂಗ್, ಆಕ್ಸಲ್, ಬ್ರೇಕಿನ ಸ್ಪ್ರಿಂಗ್, ಸೀಟಿನ ಬಟ್ಟೆ ಕೆಳಗಿರೋ ಸ್ಕ್ರೂ, ಕಾಲಿಡೋ ಪಟ್ಟಿಯ ಹಿಂಜ್, ಇವೆಲ್ಲ ಉಕ್ಕು ಇರಬಹುದು. ಸ್ಟೇನ್‌ಲೆಸ್ ಸ್ಟೀಲ್ ಅಂದ ಮಾತ್ರಕ್ಕೂ ನಂಬೋ ಹಾಗಿಲ್ಲ. 304 ಗ್ರೇಡಿನ ಸ್ಟೇನ್‌ಲೆಸ್ ಮೂಲದಲ್ಲಿ ಅಂಟದೇ ಇದ್ದರೂ ಬಗ್ಗಿಸಿ ಎಳೆದ ಜಾಗದಲ್ಲಿ ಸ್ವಲ್ಪ ಅಂಟೋಕೆ ಶುರುವಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಒಳ್ಳೇ ನಿಯೋಡಿಮಿಯಂ ಮ್ಯಾಗ್ನೆಟ್ ತಂದು, ದಾರ ಕಟ್ಟಿ, ಕುರ್ಚಿಯನ್ನ ತಲೆಕೆಳಗೆ ಮಾಡಿ ಒಂದೊಂದು ಜಾಯಿಂಟ್ ಹತ್ತಿರವೂ ನೇತಾಡಿಸಿ ನೋಡಿ. ದಾರ ಓರೆಯಾಯ್ತೋ, ಆ ಕುರ್ಚಿ ಹೊರಗೇ ಇರಲಿ. ಮನೆಯಿಂದ ತರೋ ವಾಕರ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತೆ: ಪೈಪೆಲ್ಲ ಅಲ್ಯೂಮಿನಿಯಂ, ಎತ್ತರ ಏರಿಳಿಸೋ ಆ ಪುಟ್ಟ ಗುಂಡಿಯ ಹತ್ತಿರ ಮ್ಯಾಗ್ನೆಟ್ ಹಿಡಿದರೆ ಟಕ್ ಅಂತ ಕಚ್ಚುತ್ತೆ, ಒಳಗಿನ ಸ್ಪ್ರಿಂಗ್ ಉಕ್ಕಿನದು.

ಈ ಪರೀಕ್ಷೆಯಲ್ಲಿ ಫೇಲ್ ಆದ್ರೆ ಕುರ್ಚಿ ಬೇಡ. ಪಾಸ್ ಆದ ಮಾತ್ರಕ್ಕೆ ಸರ್ಟಿಫಿಕೇಟ್ ಸಿಕ್ಕ ಹಾಗಲ್ಲ. ಲೇಬಲ್ ಬೇಕೇ ಬೇಕು. ಹಸಿರು ಚೌಕದಲ್ಲಿ ‘ಎಂಆರ್’ ಅಂತಿದ್ದರೆ ಎಂಆರ್ ಸೇಫ್. ಹಳದಿ ತ್ರಿಕೋನ ಎಂಆರ್ ಕಂಡೀಷನಲ್, ಅಂದ್ರೆ ಹೇಳಿದ ಷರತ್ತಿನೊಳಗೆ ಮಾತ್ರ ಸೇಫ್. ಕೆಂಪು ವೃತ್ತಕ್ಕೆ ಅಡ್ಡಗೆರೆ ಎಳೆದಿದ್ದರೆ ಅನ್‌ಸೇಫ್. ಇದರಲ್ಲಿ ಕ್ಯಾಟಲಾಗ್‌ನವರು ಹಾರಿಸೋ ಒಂದು ಸೂಕ್ಷ್ಮ ಇದೆ. ಹಸಿರು ಗುರುತು ಇರೋದು ಲೋಹವೇ ಇಲ್ಲದ, ವಿದ್ಯುತ್ ಹರಿಯದ ವಸ್ತುವಿಗೆ, ಅಂದ್ರೆ ಪೂರ್ತಿ ಪ್ಲಾಸ್ಟಿಕ್ ಥರದ್ದಕ್ಕೆ. ಅಲ್ಯೂಮಿನಿಯಂ ಕುರ್ಚಿಗೆ ನ್ಯಾಯವಾಗಿ ಬರಬೇಕಾದ್ದು ಹಳದಿ ತ್ರಿಕೋನ, ಜೊತೆಗೆ ‘ಇಷ್ಟು ಟೆಸ್ಲಾವರೆಗೆ’ ಅನ್ನೋ ಷರತ್ತು (ಟೆಸ್ಲಾ ಅಂದ್ರೆ ಮ್ಯಾಗ್ನೆಟ್ಟಿನ ಬಲದ ಅಳತೆ). ಅಲ್ಯೂಮಿನಿಯಂಗೆ ಹಸಿರು ಸ್ಟಿಕರ್ ಅಂಟಿಸಿ ಮಾರೋರನ್ನ ಕಂಡ್ರೆ ನನಗೆ ಅನುಮಾನ. ನಿಮ್ಮದು 3 ಟೆಸ್ಲಾ ಮಷೀನಾಗಿದ್ದು, ಕುರ್ಚಿ 1.5ಕ್ಕೆ ಮಾತ್ರ ಪರೀಕ್ಷೆ ಆಗಿದ್ದರೆ ಅದೂ ನಡೆಯಲ್ಲ.

1.5 ಟೆಸ್ಲಾ ಅಂದ್ರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಬೆಸ್ಕಾಂ ಕರೆಂಟ್ ಹೋದರೂ ಮಷೀನಿನ ಆ ಸೆಳೆತ ಹೋಗಲ್ಲ, ಯಾಕಂದ್ರೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ತಣ್ಣಗಿರೋ ಸುರುಳಿಯಲ್ಲಿ ಕರೆಂಟ್ ತಾನಾಗೇ ಸುತ್ತುತ್ತಲೇ ಇರುತ್ತೆ. ಮುಂಬೈನಲ್ಲಿ 2018ರ ಜನವರಿಯಲ್ಲಿ ರೋಗಿಯ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದಾಗ ಮ್ಯಾಗ್ನೆಟ್ ಸಿಲಿಂಡರ್ ಸಮೇತ ಎಳೆದುಕೊಂಡು ಪ್ರಾಣ ಕಳ್ಕೊಂಡರು. ನಿಮ್ಮ ಕುರ್ಚಿ ಎಷ್ಟೇ ಸೇಫ್ ಇರಲಿ, ಅದರ ಹಿಂದೆ ಮಾಮೂಲಿ ಉಕ್ಕಿನ ಸಿಲಿಂಡರ್ ನೇತುಹಾಕಿದರೆ ಕಥೆ ಮುಗೀತು.

ಕುರ್ಚಿಯೊಂದರಿಂದ ಕೆಲಸ ಆಗಲ್ಲ. ಮಂಡಿ ಹೋಗಿರೋರು, ಬೆನ್ನಿನ ಪೆಟ್ಟಿನವರು ಎದ್ದು ನಿಂತು ಟೇಬಲ್‌ಗೆ ತಿರುಗೋಕೆ ಆಗಲ್ಲ. ಇನ್ನೂ ಮಷೀನ್ ಆರ್ಡರ್ ಕೊಟ್ಟಿಲ್ಲ ಅಂದ್ರೆ ಕಳಚಿ ಹೊರಗೆ ತರಬಹುದಾದ ಟೇಬಲ್ ಇರೋದನ್ನೇ ಕೇಳಿ. ನನ್ನ ಕೈಯಲ್ಲಿ ದುಡ್ಡಿದ್ದರೆ ಕುರ್ಚಿಗಿಂತ ಮೊದಲು ಅದಕ್ಕೆ ಹಾಕ್ತಿದ್ದೆ. ರೋಗಿಯನ್ನ ಹೊರಗೇ, ನಾಲ್ಕು ಜನ ನಿಧಾನವಾಗಿ, ಸ್ಲೈಡ್ ಶೀಟ್ (ರೋಗಿಯನ್ನ ಜಾರಿಸೋ ನುಣುಪು ಬಟ್ಟೆ) ಹಾಕಿ ಮಲಗಿಸಬಹುದು, ಅಲ್ಲಿ ಮಾಮೂಲಿ ಲಿಫ್ಟಿಂಗ್ ಯಂತ್ರ ಬಳಸಿದರೂ ಭಯ ಇಲ್ಲ. ಅಂಥ ಟೇಬಲ್ ಇಲ್ಲದಿದ್ದರೆ ಅಷ್ಟೇ ಭಾರ ತಡೆಯೋ ನಾನ್ ಮ್ಯಾಗ್ನೆಟಿಕ್ ಟ್ರಾಲಿ ಒಂದು ಬೇಕು. ಅದು ತುರ್ತಿಗೂ ಬೇಕು: ಒಳಗೆ ಯಾರಿಗಾದರೂ ಹೃದಯ ನಿಂತರೆ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಉಪಕರಣದ ಗಾಡಿ) ಒಳಗೆ ತರೋ ಹಾಗಿಲ್ಲ, ರೋಗಿಯನ್ನೇ ಹೊರಗೆ ತರಬೇಕು. 130 ಕೆಜಿಯವರನ್ನ ಬೆಡ್‌ಶೀಟ್‌ನಲ್ಲಿ ಎತ್ತಿಕೊಂಡು ಓಡೋಕಾಗುತ್ತಾ?

ತೂಕ ಕೇಳಿ ಬರೆದುಕೊಳ್ಳಬೇಡಿ, ತೂಗಿ. ಮನೆಯವರು ಮರ್ಯಾದೆಗೆ ಹತ್ತಿಪ್ಪತ್ತು ಕೆಜಿ ಕಮ್ಮಿ ಹೇಳ್ತಾರೆ. ಟೇಬಲ್‌ಗೂ ಮಿತಿ ಇದೆ, ಮಾಡೆಲ್ ನೋಡಿ 150ರಿಂದ 250 ಕೆಜಿ. ಸ್ಕ್ಯಾನಿನ ರೇಡಿಯೋ ತರಂಗದಿಂದ ಮೈ ಎಷ್ಟು ಬಿಸಿಯಾಗಬಹುದು ಅನ್ನೋದನ್ನ ಮಷೀನ್ ಲೆಕ್ಕ ಹಾಕೋದೂ ನಾವು ಹಾಕಿದ ತೂಕದ ಮೇಲೇ. ವೀಲ್‌ಚೇರ್ ಸಮೇತ ನಿಲ್ಲಿಸೋ ಪ್ಲಾಟ್‌ಫಾರ್ಮ್ ತಕ್ಕಡಿ ಹೊರಗಿನ ಹಾಲ್‌ನಲ್ಲಿರಲಿ. ದಯವಿಟ್ಟು ಮೂಟೆ ತೂಗೋ ಮಾರ್ಕೆಟ್ಟಿನ ತಕ್ಕಡಿಗೆ ಕಳಿಸಬೇಡಿ, ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಜೊತೆಗೆ ಪ್ಲಾಸ್ಟಿಕ್ ಪೈಪನ್ನ ಬಗ್ಗಿಸಿ ನಿಮ್ಮ ಮಷೀನಿನ ಬೋರ್ (ರೋಗಿ ಒಳಗೆ ಹೋಗೋ ಸುರಂಗ) ಅಳತೆಯ ಬಳೆ ಮಾಡಿಟ್ಕೊಳ್ಳಿ, ಹಳೇ ಮಷೀನಿಗೆ 60 ಸೆಂಮೀ, ವೈಡ್ ಬೋರ್ ಆದ್ರೆ 70. ಭುಜ, ಹೊಟ್ಟೆ ಅದರಲ್ಲಿ ಹಿಡಿಯದಿದ್ದರೆ ಒಳಗೂ ಹಿಡಿಯಲ್ಲ, ಟೇಬಲ್ ಬೇರೆ ಜಾಗ ತಿನ್ನುತ್ತೆ. ವೃಥಾ ಎರಡು ಸಲ ಎತ್ತಿಳಿಸೋದು ತಪ್ಪುತ್ತೆ, ವೈಡ್ ಬೋರ್ ಇರೋ ಕಡೆಗೆ, ಬೆಂಗಳೂರಿಗಾದರೂ ಸರಿ, ಆಗಲೇ ಬರೆದುಕೊಡಬಹುದು.

ಬಿಲ್‌ನಲ್ಲಿ ‘ಎಂಆರ್‌ಐ ವೀಲ್‌ಚೇರ್’ ಅಂತಷ್ಟೇ ಬರೆಸಿಕೊಳ್ಳಬೇಡಿ. ಮಾಡೆಲ್ ನಂಬರ್, ಎಷ್ಟು ಟೆಸ್ಲಾವರೆಗೆ, ಎಷ್ಟು ಕೆಜಿವರೆಗೆ, ಮೂರೂ ಬರಲಿ. ಮುಂದೆ ಚಕ್ರ ಸಡಿಲವಾದಾಗ ಪಕ್ಕದ ಸೈಕಲ್ ಶಾಪ್‌ನವರ ಹತ್ತಿರ ಬೋಲ್ಟ್ ಹಾಕಿಸ್ತಾರೆ, ಅದು ಆಗೇ ಆಗುತ್ತೆ. ರಿಪೇರಿಯಿಂದ ಬಂದ ಕುರ್ಚಿ ಮತ್ತೆ ದಾರದ ಮ್ಯಾಗ್ನೆಟ್ ಪರೀಕ್ಷೆ ಆಗದೆ ಒಳಗೆ ಹೋಗಕೂಡದು ಅಂತ ಅಟೆಂಡರ್‌ಗಳಿಗೆ ಮೊದಲ ದಿನವೇ ಹೇಳಿಬಿಡಿ.