ಗೇಮ್ ಅಂಗಡಿಯ ಕೇಸು ಮತ್ತು ನಿನ್ನ ವೀಸಾ

ತಮ್ಮಾ,

ನಿನ್ನ ಮೆಸೇಜು ಶುಕ್ರವಾರ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಉತ್ತರ ಕೊಡುವ ವಿಷಯ ಅಲ್ಲ, ಅದಕ್ಕೇ ತಡವಾಯಿತು. ಅಮೆರಿಕದ ಬೆಲ್‌ವ್ಯೂಗೆ ಬಂದು ಐದು ತಿಂಗಳಾಯಿತು, ಫೋನಿನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಬಗ್ಗೆ ಒಂದು ಜಾಹೀರಾತು ಬರುತ್ತಿದೆ, "ಸ್ಟೀಮ್‌ನಲ್ಲಿ ಗೇಮ್ ಕೊಂಡಿದ್ದೀರಾ? ನಿಮಗೆ ಹಣ ಸಿಗಬಹುದು" ಅಂತ ಇದೆ, ರೂಮ್‌ಮೇಟ್ ಆಗಲೇ ಹೆಸರು ಕೊಟ್ಟುಬಿಟ್ಟಿದ್ದಾನೆ ಎಂದು ಬರೆದಿದ್ದೆ. ಇದು ಮೋಸವಾ? ಹೆಸರು ಕೊಟ್ಟರೆ ಎಚ್1ಬಿ ಕೆಲಸದ ವೀಸಾಗೆ ತೊಂದರೆಯಾ? ಬೆಂಗಳೂರಿನಿಂದ ಕೂಡಿಟ್ಟುಕೊಂಡು ಬಂದ ಗೇಮ್‌ಗಳಿರುವ ಅಕೌಂಟ್ ಮುಚ್ಚಿಬಿಡುತ್ತಾರಾ? ಕೊನೆಗೆ ಒಂದು ಮಾತು ಹಾಕಿದ್ದೆ: "ಅನ್ನ ಹುಡುಕಿಕೊಂಡು ಬಂದ ಊರು ಅಕ್ಕ, ಇಲ್ಲಿ ನಮಗ್ಯಾಕೆ ಕೋರ್ಟು ಕಚೇರಿ?"

ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಹದಿನೇಳು ವರ್ಷದ ಹಿಂದೆ ನಾನೂ ಹಾಗೇ ಯೋಚಿಸುತ್ತಿದ್ದೆ. ನಮ್ಮ ತಂದೆ ಗದ್ದೆಯ ಬದುವಿನ ತಕರಾರಿಗೆ ಹನ್ನೊಂದು ವರ್ಷ ಹಾಸನದ ಕೋರ್ಟಿಗೆ ಅಲೆದವರು. "ಗೆದ್ದವನು ಸೋತ, ಸೋತವನು ಸತ್ತ" ಅನ್ನುವುದು ನಮ್ಮ ಮನೆಯಲ್ಲಿ ಬರೀ ಗಾದೆ ಆಗಿರಲಿಲ್ಲ. ಹಾಗಾಗಿ ಮಗನಿಗೆ ಎಂಟು ವರ್ಷ ಇದ್ದಾಗ ಒಂದು ಗೇಮ್ ಅಂಗಡಿ ನನ್ನ ಕಾರ್ಡಿನಿಂದ 212 ಡಾಲರ್ ಎಳೆದಾಗ ನಾನು ಸುಮ್ಮನಿದ್ದೆ. ಅವನು ಒತ್ತಿದ್ದು ಬಣ್ಣದ ಗುಂಡಿಗಳು. ಪಾಸ್‌ವರ್ಡ್ ಕೇಳಿರಲಿಲ್ಲ, ದುಡ್ಡು ಅಂತ ಎಲ್ಲೂ ಸರಿಯಾಗಿ ಬರೆದಿರಲಿಲ್ಲ. ತಪ್ಪು ನಮ್ಮದೇ, ಪರದೇಶದಲ್ಲಿ ಯಾರ ಹತ್ತಿರ ಜಗಳ ಆಡುವುದು ಅಂದುಕೊಂಡೆ. ವರ್ಷ ಕಳೆದ ಮೇಲೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಚಿಕ್ಕ ಅಕ್ಷರ, ಯಾವುದೋ ಕೋರ್ಟಿನ ಹೆಸರು. ಜಾಹೀರಾತು ಅಂದುಕೊಂಡು ರದ್ದಿಗೆ ಹಾಕಿದೆ. ಮುಂದಿನ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರು ಅದೇ ಕಾರ್ಡು ತುಂಬಿ ಕಳಿಸಿ ಚೆಕ್ ಪಡೆದ ವಿಷಯ ಹೇಳಿದರು. ನನ್ನ ಗಡುವು ಮುಗಿದು ಮೂರು ವಾರ ಆಗಿತ್ತು. ದುಡ್ಡು ಹೋದದ್ದಕ್ಕಿಂತ, ಕೇಳುವ ಹಕ್ಕು ನನಗೂ ಇತ್ತು ಅನ್ನುವುದೇ ಗೊತ್ತಿರಲಿಲ್ಲವಲ್ಲ ಅನ್ನುವುದು ಜಾಸ್ತಿ ನೋವು ಕೊಟ್ಟಿತು.

ಈಗ ನಿನ್ನ ಕೇಸಿಗೆ ಬರೋಣ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಇರುವುದು ನಿನ್ನ ಊರು ಬೆಲ್‌ವ್ಯೂನಲ್ಲೇ. ಪ್ರತಿ ಮಾರಾಟದಲ್ಲಿ ಅವರು 30 ಪರ್ಸೆಂಟ್ ಇಟ್ಟುಕೊಳ್ಳುತ್ತಾರೆ. ಅಂದರೆ 60 ಡಾಲರಿನ ಗೇಮ್‌ನಲ್ಲಿ 18 ಡಾಲರ್ ಅಂಗಡಿಗೆ. 2018ರಿಂದ, ಒಂದು ಗೇಮ್‌ನ ಮಾರಾಟ 1 ಕೋಟಿ ಡಾಲರ್ ದಾಟಿದರೆ ಆಮೇಲಿನ ಮಾರಾಟಕ್ಕೆ ಇದು 25ಕ್ಕೆ, 5 ಕೋಟಿ ದಾಟಿದರೆ 20ಕ್ಕೆ ಇಳಿಯುತ್ತದೆ. ಈ ರಿಯಾಯಿತಿ ಮುಟ್ಟುವುದು ದೊಡ್ಡವರಿಗೆ ಮಾತ್ರ ಅಲ್ವಾ. ಅದೇ ವರ್ಷ ಶುರುವಾದ ಎಪಿಕ್ ಅಂಗಡಿ 12 ಪರ್ಸೆಂಟ್ ಸಾಕು ಅಂದಿತು. ಹಾಗಾದರೆ ಅದೇ ಗೇಮ್ ಅಲ್ಲಿ ಕಮ್ಮಿ ಬೆಲೆಗೆ ಯಾಕೆ ಸಿಗುವುದಿಲ್ಲ? ದಾವೆಯ ತಿರುಳು ಈ ಪ್ರಶ್ನೆ. ಬೇರೆ ಕಡೆ ಕಮ್ಮಿಗೆ ಮಾರಬೇಡಿ ಅಂತ ವಾಲ್ವ್ ಗೇಮ್ ಮಾಡುವವರನ್ನು ಕಟ್ಟಿಹಾಕುತ್ತದೆ, ಅದರಿಂದ ಎಲ್ಲ ಕಡೆಯೂ ಬೆಲೆ ಇಳಿಯುವುದಿಲ್ಲ ಅನ್ನುವುದು ಆರೋಪ. ವಾಲ್ವ್ ಇದನ್ನು ಒಪ್ಪುವುದಿಲ್ಲ.

2021ರಲ್ಲಿ ವುಲ್ಫೈರ್ ಗೇಮ್ಸ್ ಅನ್ನುವ ಸಣ್ಣ ಕಂಪನಿ ಸಿಯಾಟಲ್‌ನ ಫೆಡರಲ್ ಕೋರ್ಟಿಗೆ ಹೋಯಿತು. ಜೊತೆಗೆ ನಿನ್ನಂಥ ಗಿರಾಕಿಗಳೂ ಹೋಗಿದ್ದರು. ಆದರೆ ಗಿರಾಕಿಗಳನ್ನು ಕೋರ್ಟು ಆ ವರ್ಷವೇ ಹೊರಗೆ ಕಳಿಸಿತು. ಕಾರಣ ಅಕೌಂಟ್ ತೆರೆಯುವಾಗ ನಾವೆಲ್ಲ ಓದದೆ "ಒಪ್ಪಿದೆ" ಅಂತ ಒತ್ತುವ ಕರಾರು. ಅದರಲ್ಲಿ, ತಕರಾರು ಬಂದರೆ ಕೋರ್ಟಿಗೆ ಹೋಗುವಂತಿಲ್ಲ, ಒಟ್ಟಾಗಿ ಕೇಸು ಹಾಕುವಂತಿಲ್ಲ, ಒಬ್ಬೊಬ್ಬರೇ ಆರ್ಬಿಟ್ರೇಷನ್‌ಗೆ ಬರಬೇಕು ಅಂತ ಇತ್ತು. ಖಾಸಗಿ ಪಂಚಾಯ್ತಿ ಅಂದುಕೋ. 2011ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಎಟಿ ಅಂಡ್ ಟಿ ಫೋನ್ ಕಂಪನಿಯ ಕೇಸಿನಲ್ಲಿ ಇಂಥ ಷರತ್ತು ನಡೆಯುತ್ತದೆ ಅಂದಿತ್ತು. ಅಲ್ಲಿ ಜಗಳ ಇದ್ದದ್ದು "ಉಚಿತ" ಫೋನಿನ ಮೇಲೆ ಹಾಕಿದ ಸುಮಾರು 30 ಡಾಲರ್ ತೆರಿಗೆಗೆ. 30 ಡಾಲರಿಗೆ ಯಾರು ತಾನೇ ಒಬ್ಬರೇ ವಕೀಲರನ್ನು ಹಿಡಿಯುತ್ತಾರೆ? ಅದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. 2012ರಲ್ಲಿ ಸ್ಟೀಮ್ ಕರಾರಿಗೂ ಆ ಷರತ್ತು ಬಂತು.

ಆಮೇಲೆ ಆಗಿದ್ದನ್ನು ನೀನು ಗಮನವಿಟ್ಟು ಓದಬೇಕು, ನಿನ್ನ ಜಾಹೀರಾತಿನ ಬೇರು ಇಲ್ಲಿದೆ. ಒಬ್ಬೊಬ್ಬರೇ ಬನ್ನಿ ಅಂದಿರಲ್ಲ, ಹಾಗಾದರೆ ಎಲ್ಲರೂ ಒಬ್ಬೊಬ್ಬರಾಗಿಯೇ ಬರುತ್ತೇವೆ ಅಂತ ವಕೀಲರು ಸಾವಿರಾರು ಗಿರಾಕಿಗಳನ್ನು ಸೇರಿಸತೊಡಗಿದರು. ಆರ್ಬಿಟ್ರೇಷನ್ ನಡೆಸುವ ಶುಲ್ಕ ಬೀಳುವುದು ಹೆಚ್ಚಾಗಿ ಕಂಪನಿಯ ಮೇಲೆ. ಒಂದಾದರೆ ಸರಿ, ಸಾವಿರಾರು ಬಂದರೆ? 2024ರ ಸೆಪ್ಟೆಂಬರಿನಲ್ಲಿ ವಾಲ್ವ್ ತಾನೇ ಆ ಷರತ್ತು ತೆಗೆದುಹಾಕಿತು. ಇನ್ನು ತಕರಾರು ಇದ್ದರೆ ಇಲ್ಲೇ ನಮ್ಮ ಜಿಲ್ಲೆ ಕಿಂಗ್ ಕೌಂಟಿಯ ಕೋರ್ಟು ಅಂತ ಬರೆಯಿತು. ಅದಕ್ಕೆ ಒಂದು ತಿಂಗಳ ಮುಂಚೆ, ಆಗಸ್ಟಿನಲ್ಲಿ, ಗಿರಾಕಿಗಳ ಹೊಸ ಕ್ಲಾಸ್ ಆ್ಯಕ್ಷನ್ ಕೇಸು ಸಿಯಾಟಲ್‌ನಲ್ಲಿ ದಾಖಲಾಗಿತ್ತು. ನವೆಂಬರಿನಲ್ಲಿ ಗೇಮ್ ಮಾಡುವವರ ಕೇಸನ್ನೂ ಎಲ್ಲರ ಪರವಾಗಿ ಒಟ್ಟಾಗಿ ನಡೆಸಲು ಕೋರ್ಟು ಒಪ್ಪಿತು.

ಕ್ಲಾಸ್ ಆ್ಯಕ್ಷನ್ ಅಂದರೆ ಒಬ್ಬಿಬ್ಬರು ಎಲ್ಲರ ಪರವಾಗಿ ನಿಲ್ಲುವುದು. ಕೋರ್ಟು ಒಪ್ಪಿದರೆ ಅಂಥದ್ದೇ ನಷ್ಟ ಆದವರೆಲ್ಲ ತಾವಾಗಿಯೇ ಒಳಗೆ ಸೇರಿರುತ್ತಾರೆ. ಬೇಡ ಅನ್ನುವವರು ಮಾತ್ರ ಪತ್ರ ಬರೆದು ಹೊರಗೆ ಹೋಗಬೇಕು. ಈ ಪದ್ಧತಿ 1966ರಿಂದ ಇದೆ. ಅಂದರೆ ನೀನು ಈಗ ಎಲ್ಲೂ ಸಹಿ ಹಾಕಬೇಕಿಲ್ಲ. ಜಾಹೀರಾತಿನ ಫಾರಂ ಬೇರೆ ವಿಷಯ. ಅಲ್ಲಿ ಸಹಿ ಹಾಕಿದರೆ ನೀನು ಆ ವಕೀಲರ ಕಕ್ಷಿದಾರ ಆಗಬಹುದು. ಅವರ ಪಾಲು ಎಷ್ಟು, ಒಟ್ಟು ಕೇಸಿನಿಂದ ನಿನ್ನನ್ನು ಹೊರಗೆ ತರುತ್ತದಾ ಅಂತ ಓದದೆ ಕೊಡಬೇಡ. ಅದು ಮೋಸವೇ ಆಗಿರಬೇಕು ಅಂತಲ್ಲ. ಆದರೆ ಅವಸರ ಏನಿಲ್ಲ. ರೂಮ್‌ಮೇಟ್‌ಗೂ ಅವನು ಒಪ್ಪಿದ ಕಾಗದ ತೆಗೆದು ಓದಲು ಹೇಳು.

ನಿಜವಾದ ಮೋಸವನ್ನು ಗುರುತಿಸುವುದು ಕಷ್ಟವಲ್ಲ. ನಿಜವಾದ ನೋಟಿಸಿನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಗಡುವು ಇರುತ್ತದೆ. ಆ ನಂಬರ್ ಕೋರ್ಟಿನ ದಾಖಲೆಯಲ್ಲಿ ಸಿಗಬೇಕು. ಹಣ ಬಿಡುಗಡೆಗೆ ಮೊದಲು ನೀವೇ ಸ್ವಲ್ಪ ಕಟ್ಟಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸು.

ವೀಸಾ ವಿಷಯ. ಇದು ಸಿವಿಲ್ ವ್ಯಾಜ್ಯ, ಗಿರಾಕಿ ಮತ್ತು ಅಂಗಡಿಯ ನಡುವಿನದು. ಇಂಥ ಕೇಸಿನಲ್ಲಿ ನಿನ್ನ ಪಾಲು ಕೇಳಿದ್ದು ವೀಸಾಗೆ ಅಡ್ಡ ಬರುವ ಅಪರಾಧ ಅಲ್ಲ. ಅಪಾಯ ಇರುವುದು ಬೇರೆ ಕಡೆ. ಕ್ಲೇಮ್ ಫಾರಂನಲ್ಲಿ ಸಾಮಾನ್ಯವಾಗಿ "ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ" ಅನ್ನುವ ಸಾಲಿನ ಕೆಳಗೆ ಸಹಿ ಇರುತ್ತದೆ. ಕೊಳ್ಳದ್ದನ್ನು ಕೊಂಡೆ ಅಂತ ಬರೆಯಬೇಡ. "ಎಲ್ಲರೂ ಹಾಕ್ತಾರೆ, ನೀನೂ ಹಾಕು" ಅನ್ನುವ ಹುಡುಗರು ಇಲ್ಲೂ ಇದ್ದಾರೆ. ಹಸಿರು ಕಾರ್ಡು ಇಲ್ಲದ ನಮ್ಮಂಥವರಿಗೆ ನಲವತ್ತು ಡಾಲರಿನ ಸುಳ್ಳು ತುಂಬಾ ದುಬಾರಿ ಆಗಬಹುದು. ಬೆಂಗಳೂರಿನಲ್ಲಿ ರೂಪಾಯಿ ಕೊಟ್ಟು ಕೊಂಡದ್ದು ಸೇರುತ್ತದಾ ಅಂತ ನೋಟಿಸು ಬಂದಾಗ ಅದರ ಮೊದಲ ಪುಟದಲ್ಲಿ ನೋಡು. ಕ್ಲಾಸ್‌ನಲ್ಲಿ ಯಾರು, ಯಾವ ದೇಶದಲ್ಲಿ, ಯಾವಾಗ ಕೊಂಡವರು ಅಂತ ಬಿಡಿಸಿ ಬರೆದಿರುತ್ತಾರೆ.

ಅಕೌಂಟ್ ಬಗ್ಗೆ ಹೆದರಿಕೆ ಬೇಡ. ಕೋಟಿಗಟ್ಟಲೆ ಜನರ ಗುಂಪಿನಲ್ಲಿ ನೀನೊಬ್ಬ. ಆದರೆ ಸಿಟ್ಟಿನಲ್ಲಿ ಬ್ಯಾಂಕಿಗೆ ಫೋನು ಮಾಡಿ ಕಾರ್ಡಿನ ಪಾವತಿ ವಾಪಸ್ ಎಳೆಸಿಕೊಂಡರೆ ಅಂಗಡಿ ಬೀಗ ಹಾಕಬಹುದು. ಮೊದಲು ಅಂಗಡಿಯ ರಿಫಂಡ್ ದಾರಿಯಲ್ಲೇ ಕೇಳು. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ಸ್ಟೀಮ್ ಹಣ ಕೊಡುತ್ತದಲ್ಲ, ಆ ನಿಯಮ ಬಂದದ್ದು 2015ರ ಜೂನ್‌ನಲ್ಲಿ. ಅದಕ್ಕೂ ಮುಂಚೆ, 2014ರಲ್ಲೇ, ಆಸ್ಟ್ರೇಲಿಯಾದ ಸರ್ಕಾರಿ ಗ್ರಾಹಕ ಆಯೋಗ ರಿಫಂಡ್ ವಿಷಯಕ್ಕೇ ವಾಲ್ವ್ ಮೇಲೆ ಕೇಸು ಹಾಕಿತ್ತು. 2016ರಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು.

ಎಷ್ಟು ಸಿಗುತ್ತದೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ವರ್ಷಗಟ್ಟಲೆ ಕಾಯಬೇಕು, ಗೆಲ್ಲುವ ಖಾತ್ರಿ ಇಲ್ಲ, ಗೆದ್ದರೆ ವಕೀಲರಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹೋಗುವುದು ರೂಢಿ. ಸರ್ಕಾರವೇ ಕೈ ಹಾಕಿದರೆ ಕೆಲವೊಮ್ಮೆ ಚೆನ್ನಾಗಿ ಬರುತ್ತದೆ. ಎಪಿಕ್ ಕಂಪನಿಯ ಫೋರ್ಟ್‌ನೈಟ್ ಗೇಮ್‌ನಲ್ಲಿ ಮೋಸದ ಗುಂಡಿಗಳಿಂದ ಹಣ ಎಳೆದರು ಅಂತ, ಗ್ರಾಹಕರ ಹಿತ ಕಾಯುವ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಎಪಿಕ್‌ನಿಂದ 24.5 ಕೋಟಿ ಡಾಲರ್ ಪಡೆಯಿತು. 2024ರ ಡಿಸೆಂಬರಿನ ಮೊದಲ ಕಂತಿನಲ್ಲಿ 7.2 ಕೋಟಿ ಡಾಲರ್ ಹಂಚಿದರು, ಸರಾಸರಿ 114 ಡಾಲರ್ ಬಿತ್ತು. ಆ ಸುದ್ದಿ ಓದಿದ ದಿನ ನನ್ನ ಮಗನಿಗೂ ತೋರಿಸಿದೆ.

ನಮ್ಮ ದೇಶದಲ್ಲೂ ಈ ದಾರಿ ಇದೆ ತಮ್ಮಾ. ಒಂದೇ ತೊಂದರೆ ಆದ ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು 2019ರ ಗ್ರಾಹಕ ಕಾನೂನು ಬಿಡುತ್ತದೆ. ಬ್ರಿಟನ್ನಿನಲ್ಲೂ ಪ್ಲೇಸ್ಟೇಷನ್ ಅಂಗಡಿ ಮೇಲೆ 2022ರಿಂದ, ಸ್ಟೀಮ್ ಮೇಲೆ 2024ರಿಂದ ಇಂಥ ಕೇಸು ಇದೆ. ಅಮೆರಿಕದವರು ಮಾತ್ರ ಜಗಳಗಂಟರು ಅನ್ನುವವರ ಮಾತು ನಂಬಬೇಡ. ಅನ್ನ ಕೊಟ್ಟ ಊರಿಗೆ ನೀನು ತೆರಿಗೆ ಕಟ್ಟುತ್ತೀಯ, ಗೇಮ್‌ಗೆ ಪೂರ್ತಿ ಬೆಲೆ ಕೊಡುತ್ತೀಯ. ಕೊಟ್ಟ ಬೆಲೆಯ ಲೆಕ್ಕ ಕೇಳಿದರೆ ಉಂಡ ಮನೆಗೆ ಎರಡು ಬಗೆದ ಹಾಗಾಗುವುದಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡು. ಸ್ಟೀಮ್‌ನಲ್ಲಿ ನಿನ್ನ ಖರೀದಿ ಪಟ್ಟಿ ತೆಗೆದು ಉಳಿಸಿಕೋ. ಅಕೌಂಟ್‌ಗೆ ಹಳೆಯ ಕಾಲೇಜಿನ ಇಮೇಲ್ ಕೊಟ್ಟಿದ್ದರೆ ಬದಲಾಯಿಸು, ನೋಟಿಸು ಬರುವುದು ಅಲ್ಲಿಗೇ. ಅಂಚೆ ಪೆಟ್ಟಿಗೆಯಲ್ಲಿ ಕೋರ್ಟಿನ ಹೆಸರಿರುವ ಕಾರ್ಡು ಕಂಡರೆ ಎಸೆಯಬೇಡ. ಭಾನುವಾರ ಮಧ್ಯಾಹ್ನ ಮನೆಗೆ ಬಾ, ಆ ಜಾಹೀರಾತಿನ ಫಾರಂ ಇಬ್ಬರೂ ಕೂತು ಓದೋಣ. ರೂಮ್‌ಮೇಟ್‌ನನ್ನೂ ಕರೆದುಕೊಂಡು ಬಾ.